ಐಡ್ಲಿಂಗ್ ಕೆಟ್ಟ ಕಾರಿನಲ್ಲಿ ಹಾನುಬಾಳಿನಿಂದ ಮಗ್ಗೆಗೆ

ಫೆಬ್ರವರಿ ಕೊನೆಯ ವಾರದ ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಹಾಸನದ ಮನೆಯಿಂದ ಹೊರಟೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಕಾರಿನ ಗಾಜಿನ ಮೇಲಿನ ಇಬ್ಬನಿ ಒರೆಸಿ, ಚೋಕ್ ಎಳೆದು, ಮೂರನೆಯ ಸಲಕ್ಕೆ ಸ್ಟಾರ್ಟ್ ಮಾಡಿದೆ. ಎಂಜಿನ್ ಎದ್ದಿತು, ಆದರೆ ನೆಟ್ಟಗೆ ನಿಲ್ಲಲಿಲ್ಲ. ಮಲೇರಿಯಾ ಜ್ವರ ಏರುವಾಗ ರೋಗಿ ನಡುಗುವ ಹಾಗೆ ಸ್ಟಿಯರಿಂಗ್, ಸೀಟು, ಬಾಗಿಲ ಗಾಜು ಎಲ್ಲ ಗಡಗಡ ನಡುಗುತ್ತಿದ್ದವು. ಗೇಟಿನ ಹತ್ತಿರ ನಿಂತಿದ್ದ ನಮ್ಮ ಯಜಮಾನರು, "ಬಸ್ಸಿಗೆ ಹೋಗಬಾರದಾ?" ಎಂದರು. ಅವರು ಜನ್ಮದಲ್ಲಿ ಸೈಕಲ್ ಬಿಟ್ಟು ಬೇರೇನನ್ನೂ ಓಡಿಸಿದವರಲ್ಲ. "ಬಸ್ಸಿಗೆ ಹೋಗೋ ಹಾಗಿಲ್ಲ, ನಿಮಗೂ ಗೊತ್ತಲ್ಲ" ಎಂದು ಹೇಳಿ ಗೇರ್ ಹಾಕಿದೆ.

ಕಾರು ನನ್ನದೇ. ಇಪ್ಪತ್ತೇಳು ವರ್ಷ ಹಳೆಯದು, ಕಾರ್ಬುರೇಟರ್ ಕಾಲದ್ದು. ನಾನು ಸರ್ಕಾರಿ ಕೆಲಸದಲ್ಲಿ ನರ್ಸ್ ಆಗಿದ್ದೆ. ಸಕಲೇಶಪುರದ ಆಚೆಯ ತೋಟಗಳಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬಸ್ಸಿಳಿದು ನಡೆದೂ ನಡೆದೂ ಕಾಲು ಸೋತ ಮೇಲೆ, ನಲವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಈಗ ನನಗೆ ಅರವತ್ತನಾಲ್ಕು. ಕಾರಿನ ಕಾಯಿಲೆಗಳು ನನಗೆ ಒಂದೊಂದಾಗಿ ಗೊತ್ತು. ಈ ನಡುಕ ಶುರುವಾಗಿ ಒಂದು ತಿಂಗಳಾಗಿತ್ತು. ಓಡುವಾಗ ಏನೂ ತೊಂದರೆಯಿಲ್ಲ. ನಿಲ್ಲಿಸಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ನಡುಕ, ಆಮೇಲೆ ಒಂದು ಬಿಕ್ಕು, ಆಮೇಲೆ ಆಫ್.

ಹೋಗಬೇಕಾದದ್ದು ಹಾನುಬಾಳಿಗೆ, ರತ್ನಳ ಮನೆಗೆ. ರತ್ನ ಆ ಕಡೆಯ ಒಂದು ಎಸ್ಟೇಟಿನಲ್ಲಿ ಆಯಾ ಆಗಿದ್ದವಳು. ಆಳುಗಳು ಕಾಫಿ ಕೊಯ್ಯಲು ಹೋದಾಗ ಅವರ ಮಕ್ಕಳನ್ನು ಅವರು ವಾಸಿಸುವ ಲೈನ್ ಮನೆಗಳ ಪಕ್ಕದ ಒಂದು ಕೋಣೆಯಲ್ಲಿ ನೋಡಿಕೊಳ್ಳುವುದು ಅವಳ ಕೆಲಸ. ನಾನು ತಿಂಗಳಿಗೊಮ್ಮೆ ಸೂಜಿ ಹಿಡಿದು ಹೋದರೆ, ಅಳುವ ಮಕ್ಕಳನ್ನು ಒಂದೊಂದಾಗಿ ತೊಡೆಯ ಮೇಲೆ ಹಿಡಿದು ಕೂರುತ್ತಿದ್ದಳು. ಹಾಗೆ ಶುರುವಾದ ಸ್ನೇಹ, ಮೂವತ್ತು ವರ್ಷದ್ದು. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ. ತವರು ಮಗ್ಗೆಯ ಹತ್ತಿರದ ಒಂದು ಹಳ್ಳಿ. ಅಲ್ಲಿ ಅಣ್ಣ ಪುಟ್ಟಸ್ವಾಮಿ ಇದ್ದಾನೆ.

ಆ ಅಣ್ಣನ ಜೊತೆ ಅವಳಿಗೆ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ತಾಯಿ ತೀರಿಕೊಂಡ ದಿನ ಅವನು ಎಲ್ಲ ಮುಗಿಸಿ, ಚಿತೆ ಉರಿದ ಮೇಲೆ ಫೋನ್ ಮಾಡಿದ್ದ. "ನೀನು ಅಲ್ಲಿಂದ ಬರೋ ಹೊತ್ತಿಗೆ ತಡ ಆಯ್ತಿತ್ತು" ಎಂದನಂತೆ. ರತ್ನ ಮಾರನೆಯ ದಿನ ಹೋಗಿ, ಬೂದಿ ನೋಡಿ, ಮನೆಯ ಒಳಗೆ ಕಾಲಿಡದೆ ಒಬ್ಬಳೇ ಬಸ್ ಸ್ಟಾಪಿಗೆ ನಡೆದು ಬಂದಿದ್ದಳು. ಊರವರೆಲ್ಲ ಜಗಲಿಯ ಮೇಲೆ ನಿಂತು ನೋಡಿದರಂತೆ.

ಈಗ ಭಾನುವಾರ ಅಣ್ಣನ ಮಗ ಫೋನ್ ಮಾಡಿದ್ದ. ಅಪ್ಪ ಹಾಸಿಗೆ ಹಿಡಿದಿದ್ದಾನೆ, ಅತ್ತೇನ ನೋಡಬೇಕು ಅಂತ ಕನವರಿಸ್ತಾನೆ, ಮಂಗಳವಾರವೇ ಬಂದುಬಿಡಿ ಎಂದನಂತೆ. ರತ್ನ ನನಗೆ ಫೋನ್ ಮಾಡಿ ಅಳುತ್ತಿದ್ದಳು. "ಅಕ್ಕ, ಅವ್ವನ್ನಂತೂ ನೋಡ್ಲಿಲ್ಲ. ಇವ್ನ್ ಮಕನಾದ್ರೂ ನೋಡ್ಬೇಕು. ಆದ್ರೆ ಆ ಊರಿಗೆ ಬಸ್ಸಿಳ್ದು ನಡ್ಕಂಡು ಹೋಗಕ್ಕೆ ನನ್ ಕೈಲಾಗಲ್ಲ. ನೀವು ಕಾರಲ್ಲಿ ಕರ್ಕಂಡ್ ಹೋಗಿ."

ನಾನು "ಬರ್ತೀನಿ" ಅಂದೆ. ಹಾಗೆ ಮಂಗಳವಾರ ಹೊರಟೆ.

ಹಾಸನದಿಂದ ಸಕಲೇಶಪುರಕ್ಕೆ ನಲವತ್ತು ಕಿಲೋಮೀಟರ್. ಹೆದ್ದಾರಿ ಈಗ ಅಗಲವಾಗಿದೆ. ಒಳ್ಳೆಯ ಗಾಡಿಗೆ ಮುಕ್ಕಾಲು ಗಂಟೆಯ ದಾರಿ. ಆಲೂರು ಕಡೆ ತಿರುಗುವ ಜಾಗದಲ್ಲಿ ಲಾರಿಯೊಂದು ಅಡ್ಡ ಬಂತು, ನಿಧಾನ ಮಾಡಿದೆ, ಕಾರು ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದರೆ ಮೂರು ಮಾರು ಹೋಗಿ ಮತ್ತೆ ಆಫ್. ರಸ್ತೆ ಬದಿಯ ಟೀ ಅಂಗಡಿಯ ಪಕ್ಕದಲ್ಲೇ ಒಂದು ಸಣ್ಣ ಗ್ಯಾರೇಜ್ ಇತ್ತು. ಅಲ್ಲಿದ್ದಾತ ಕೈಯಲ್ಲಿ ಟೀ ಲೋಟ ಹಿಡಿದುಕೊಂಡೇ ಬಂದ. ನನ್ನನ್ನು ಬಿಟ್ಟು ಪಕ್ಕದ ಖಾಲಿ ಸೀಟಿನ ಕಡೆ ನೋಡಿ ಕೇಳಿದ:

"ಡ್ರೈವರ್ ಎಲ್ಲಮ್ಮ?"

"ನಾನೇ."

"ಓ. ಏನಾಯ್ತೈತೆ?"

ಹೇಳಿದೆ. ಓಡುವಾಗ ಸರಿ ಇರುತ್ತದೆ, ನಿಂತರೆ ನಡುಗಿ ಆಫ್ ಆಗುತ್ತದೆ, ಚೋಕ್ ಎಳೆದರೆ ಸ್ವಲ್ಪ ಸುಧಾರಿಸುತ್ತದೆ, ಬಾನೆಟ್ ಒಳಗೆ ಎಲ್ಲೋ ಗಾಳಿ ಎಳೆದ ಹಾಗೆ ಸುಯ್ ಅನ್ನುತ್ತದೆ. "ಗಾಳಿ ಎಲ್ಲೋ ಒಳಗೆ ಹೋಗ್ತಿದೆ ಅನ್ಸುತ್ತೆ ನಂಗೆ" ಎಂದೂ ಹೇಳಿದೆ. ಈ ಮಾತನ್ನು ನಾನು ಅವತ್ತು ಬೆಳಿಗ್ಗೆ ಎಂಟು ಗಂಟೆಗೆ ನನ್ನ ಬಾಯಲ್ಲೇ ಹೇಳಿದ್ದೆ. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಅವನು ನಕ್ಕ. "ಗಾಳಿ ಎಲ್ಲಾ ಗಾಡಿಗೂ ಹೋಯ್ತದೆ ಕಣಮ್ಮ. ಪ್ಲಗ್ ಹೋಗವೆ." ನಾಲ್ಕೂ ಪ್ಲಗ್ ಬಿಚ್ಚಿ ಹೊಸದು ಹಾಕಿದ. ಆಮೇಲೆ ಸ್ಕ್ರೂಡ್ರೈವರ್ ತಗೊಂಡು ಐಡ್ಲಿಂಗ್, ಅಂದರೆ ಗಾಡಿ ನಿಂತಾಗಿನ ಎಂಜಿನ್ ಓಟ, ಹೊಂದಿಸುವ ಸ್ಕ್ರೂ ತಿರುಗಿಸಿ ಎಂಜಿನ್ ವೇಗ ಏರಿಸಿದ. ಕಾರು ನಿಂತಲ್ಲೇ ಗುರ್ ಎನ್ನತೊಡಗಿತು. ವೇಗ ಹೆಚ್ಚಿಸಿದ್ದರಿಂದ ಆಫ್ ಆಗಲಿಲ್ಲ ಅಷ್ಟೆ, ನಡುಕ ಹಾಗೇ ಇತ್ತು. "ನೋಡಿ, ನಿಂತ್ಕಂತಲ್ಲ" ಎಂದ. ಬ್ರೇಕ್ ಪೆಡಲ್ ಕೂಡ ಮೊದಲಿಗಿಂತ ಗಟ್ಟಿಯಾಗಿದೆ ಎಂದು ಹೇಳಲು ಹೊರಟೆ, ಅವನು ಆಗಲೇ ಟೀ ಅಂಗಡಿಗೆ ಹೋಗಿಬಿಟ್ಟಿದ್ದ.

ಬಾಳ್ಳುಪೇಟೆಯಲ್ಲಿ ಇಡ್ಲಿ ತಿಂದೆ, ಎಂಜಿನ್ ಆಫ್ ಮಾಡದೆ, ಕಾರಿನಲ್ಲೇ ಕೂತು. ಚಟ್ನಿಯಲ್ಲಿ ಹಸಿಮೆಣಸು ಹೆಚ್ಚಾಗಿತ್ತು. ಅಲ್ಲಿಂದ ಮುಂದೆ ರಸ್ತೆಯ ಎರಡೂ ಬದಿ ಕಾಫಿ ಕಣಗಳು. ಕೊಯ್ಲು ಮುಗಿಯುತ್ತಾ ಬಂದಿತ್ತು. ಸಿಮೆಂಟ್ ಕಣದ ತುಂಬ ಹರಡಿದ ಕಾಫಿ ಹಣ್ಣು ಕಪ್ಪಾಗುತ್ತಾ, ಹುಳಿ ಬಂದ ಬೆಲ್ಲದ ವಾಸನೆ ಹೊಡೆಯುತ್ತಿತ್ತು. ಹತ್ತು ಗಂಟೆಗೆ ಸಕಲೇಶಪುರ ಹೊಕ್ಕೆ. ಹೇಮಾವತಿ ಸೇತುವೆಯ ಮೇಲೆ ವಾಹನಗಳ ಸಾಲು. ಹಿಂದೆ ಬಸ್ಸು, ಮುಂದೆ ಕಾಫಿ ಮೂಟೆ ತುಂಬಿದ ಪಿಕಪ್. ಸೇತುವೆಯ ನಟ್ಟನಡುವೆ ಕಾರು ಬಿಕ್ಕಿ ಆಫ್ ಆಯಿತು. ಐದು ಸಲ ಸೆಲ್ಫ್ ಹೊಡೆದೆ, ಆರನೆಯ ಸಲಕ್ಕೆ ಅದೂ ಸೋತಿತು. ಹಿಂದಿನ ಬಸ್ಸಿನ ಕಂಡಕ್ಟರ್ ಇಳಿದು ಬಂದು, ಇನ್ನಿಬ್ಬರು ಆಟೋದವರನ್ನು ಕರೆದು ತಳ್ಳಿಸಿದ. ತಳ್ಳುವಾಗ ಒಬ್ಬ, "ಈ ವಯಸ್ಸಲ್ಲಿ ಇದೆಲ್ಲ ಯಾಕ್ ಬೇಕಿತ್ತು ಅಜ್ಜಿ" ಎಂದ. ಕಾರಿಗೆ ಹೇಳಿದನೋ ನನಗೆ ಹೇಳಿದನೋ ತಿಳಿಯಲಿಲ್ಲ.

ತಳ್ಳಿ ತಂದು ಬಿಟ್ಟದ್ದು ಒಂದು ದೊಡ್ಡ ಗ್ಯಾರೇಜಿನ ಮುಂದೆ. ಮೇಸ್ತ್ರಿಗೆ ಐವತ್ತರ ಹತ್ತಿರದ ವಯಸ್ಸು, ಸಮಾಧಾನದ ಮನುಷ್ಯ. ಪೂರ್ತಿ ಕೇಳಿದ. ನಾನು ಮತ್ತೆ ಗಾಳಿಯ ಮಾತು, ಸುಯ್ ಶಬ್ದದ ಮಾತು ಎತ್ತಿದೆ. ಬಾನೆಟ್ ಎತ್ತಿ ಒಂದು ನಿಮಿಷ ಕಿವಿಗೊಟ್ಟ. ಪಕ್ಕದಲ್ಲೇ ಯಾರೋ ಗ್ರೈಂಡರ್ ಓಡಿಸುತ್ತಿದ್ದರು, ಏನೂ ಕೇಳಿಸುವಂತಿರಲಿಲ್ಲ.

"ಮೇಡಂ, ಇದು ಕಾರ್ಬುರೇಟರ್ ಕೆಲಸ. ಬಿಚ್ಚಿ ತೊಳೀಬೇಕು. ಪೆಟ್ರೋಲ್ ಬರೋ ಜೆಟ್ ಕಟ್ಟೈತೆ."

"ನಂಗೆ ಹಾಗನ್ಸಲ್ಲ. ಒಂದ್ಸಲ ರಬ್ಬರ್ ಪೈಪೆಲ್ಲ ನೋಡಿ."

"ಅದು ನಿಮಗೆ ಗೊತ್ತಾಗಲ್ಲ ಮೇಡಂ. ಎರಡು ಗಂಟೆ ಕೊಡಿ, ಹೊಸ ಗಾಡಿ ಥರ ಮಾಡ್ಕೊಡ್ತೀನಿ."

ನಾನು ಆಗ ಸುಮ್ಮನಾದೆ. ಮೂವತ್ತೈದು ವರ್ಷ ಡಾಕ್ಟರುಗಳ ಪಕ್ಕ ನಿಂತು, ಅನ್ನಿಸಿದ್ದನ್ನು ಒಂದು ಸಲ ಹೇಳಿ, ಎರಡನೇ ಸಲಕ್ಕೆ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ. ಆ ಅಭ್ಯಾಸವೇ ಗ್ಯಾರೇಜಿನಲ್ಲೂ ಕೆಲಸ ಮಾಡಿತು.

ಎರಡು ಗಂಟೆ ನಾಲ್ಕಾಯಿತು. ಕಾರ್ಬುರೇಟರ್ ತುಂಡು ತುಂಡಾಗಿ ಪೆಟ್ರೋಲ್ ತುಂಬಿದ ಬೇಸನ್ನಿನಲ್ಲಿ ಮುಳುಗಿತ್ತು. ಒಂದು ಗ್ಯಾಸ್ಕೆಟ್ ಹರಿಯಿತು, ಅದು ಹಾಸನದಿಂದ ಬರಬೇಕು, ಸಂಜೆಯ ಬಸ್ಸಿಗೆ ಹಾಕಿಸುತ್ತೇನೆ ಎಂದ. ನಾನು ರತ್ನಳಿಗೆ ಫೋನ್ ಮಾಡಿದೆ. ಅವಳು ಬೆಳಿಗ್ಗೆ ಏಳರಿಂದ ಸೀರೆ ಉಟ್ಟು, ಚೀಲ ಪಕ್ಕದಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು.

"ಒಂದು ಜೀಪ್ ಮಾಡ್ಕೊಂಡು ಬರ್ಲಾ ರತ್ನ? ಇಲ್ಲಿ ಸ್ಟ್ಯಾಂಡಲ್ಲಿ ಬೇಕಾದಷ್ಟಿವೆ."

"ಜೀಪಿನವ್ನ ಮುಂದೆ ಅಳಕ್ಕಾಗಲ್ಲ ಅಕ್ಕ. ನಿಮ್ ಕಾರು ಸರಿಯಾಗುತ್ತಲ್ಲ ಇವತ್ತು?"

ನಾನು "ಆಗುತ್ತೆ" ಅಂದೆ. ಜೀಪಿಗೆ ಒತ್ತಾಯ ಮಾಡಬಹುದಿತ್ತು. ಮಾಡಲಿಲ್ಲ. ನನ್ನ ಕಾರಿನಲ್ಲಿ ನಾನೇ ಕರೆದುಕೊಂಡು ಹೋಗಿ ಆ ಮನೆಯ ಮುಂದೆ ಅವಳನ್ನು ಇಳಿಸಬೇಕು ಅನ್ನುವ ಆಸೆ ಅವಳಿಗಿದ್ದಷ್ಟೇ ನನಗೂ ಇತ್ತು. ಅದು ಒಳ್ಳೆಯ ಆಸೆ ಎಂದು ಆಗ ತಿಳಿದಿದ್ದೆ.

ಸಂಜೆಯವರೆಗೂ ಗ್ಯಾಸ್ಕೆಟ್ ಬರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ ರೂಮ್ ಮಾಡಿದೆ. ಊಟಕ್ಕೆ ಅನ್ನ, ಹುರುಳಿಕಾಳಿನ ಸಾರು ಇತ್ತು. ಚೆನ್ನಾಗಿತ್ತು, ಇಳಿಯಲಿಲ್ಲ. ರತ್ನ ಮತ್ತೆ ಫೋನ್ ಮಾಡಲಿಲ್ಲ, ನಾನು ಮಾಡಿದರೆ ಎತ್ತಲಿಲ್ಲ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಕಾರು ಕೈಗೆ ಬಂತು. ಮೇಸ್ತ್ರಿ ಎಂಜಿನ್ ಓಡಿಸಿ ತೋರಿಸಿದ. ನಿನ್ನೆಗಿಂತ ಜೋರಾಗಿ ಗುರ್ ಅನ್ನುತ್ತಿತ್ತು. "ಇನ್ನೂ ನಡುಗ್ತಿದೆಯಲ್ಲ?" ಎಂದೆ. "ಹಳೇ ಗಾಡಿ ಮೇಡಂ, ಎಂಜಿನ್ ಮೌಂಟಿಂಗ್ ಸವ್ದೈತೆ. ಅಷ್ಟೊಂದು ಯೋಚ್ನೆ ಮಾಡ್ಬೇಡಿ" ಎಂದ. ನನಗೆ ಸಿಟ್ಟು ಬಂತು, ಆದರೆ ತೋರಿಸುವಂತಿರಲಿಲ್ಲ. ಅವನು ನಂಬಿಕೆಯಿಂದಲೇ ಹೇಳುತ್ತಿದ್ದ. ಅದೇ ಕಷ್ಟ.

ಸಕಲೇಶಪುರದಿಂದ ಹಾನುಬಾಳಿಗೆ ಹದಿನೈದು ಹದಿನಾರು ಕಿಲೋಮೀಟರ್ ಇರಬಹುದು. ರಸ್ತೆ ತೋಟಗಳ ನಡುವೆ ಏರುತ್ತಾ ತಿರುಗುತ್ತಾ ಹೋಗುತ್ತದೆ. ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಕೊಯ್ಯುತ್ತಿದ್ದರು. ಒಂಬತ್ತು ಕಿಲೋಮೀಟರ್ ಹೋದ ಮೇಲೆ ಒಂದು ತಿರುವಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ಬ್ರೇಕ್ ಒತ್ತಿದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಎರಡೂ ಕಾಲು ಹಾಕಿ ಒತ್ತಿದ ಮೇಲೆ ನಿಂತಿತು, ಟ್ರ್ಯಾಕ್ಟರಿನ ಚಕ್ರಕ್ಕೂ ನನ್ನ ಬಂಪರಿಗೂ ಒಂದು ಗೇಣು. ಕಾರು ಆಫ್ ಆಯಿತು. ಟ್ರ್ಯಾಕ್ಟರಿನವನು ಏನೋ ಬೈದು ಸರಿದು ಹೋದ. ಇಳಿಜಾರಿಗೆ ಹಿಂದೆ ಬಿಟ್ಟು, ಒಂದು ಎಸ್ಟೇಟಿನ ಗೇಟಿನ ಮುಂದೆ ಸಮತಟ್ಟಿನಲ್ಲಿ ನಿಲ್ಲಿಸಿ, ಸ್ಟಿಯರಿಂಗಿಗೆ ಹಣೆ ಇಟ್ಟು ಸ್ವಲ್ಪ ಹೊತ್ತು ಕೂತೆ.

ಬ್ರೇಕ್ ಗಟ್ಟಿಯಾಗುವುದಕ್ಕೂ ಐಡ್ಲಿಂಗ್ ಕೆಡುವುದಕ್ಕೂ ಸಂಬಂಧ ಇರಲೇಬೇಕು ಎಂದು ಆಗ ಹೊಳೆಯಿತು. ಎರಡಕ್ಕೂ ಸೇರಿದ್ದು ಒಂದೇ ಒಂದು ಪೈಪು: ಎಂಜಿನ್ ಗಾಳಿ ಎಳೆಯುವ ಬಲವನ್ನು ಬ್ರೇಕಿಗೆ ಸಾಗಿಸುವ ಹೆಬ್ಬೆರಳು ದಪ್ಪದ ರಬ್ಬರ್ ಪೈಪು. ಬಾನೆಟ್ ಎತ್ತಿದೆ. ಹೊರಗಿನಿಂದ ನೋಡಿದರೆ ಪೈಪು ಚೆನ್ನಾಗೇ ಕಾಣುತ್ತಿತ್ತು. ರತ್ನಳ ಬಿಪಿ ನೋಡಲೆಂದು ತಂದಿದ್ದ ಸ್ಟೆತೊಸ್ಕೋಪ್ ಚೀಲದಲ್ಲಿತ್ತು. ಅದರ ಎದೆಗಿಡುವ ಬಿಲ್ಲೆ ಕಿತ್ತು, ಬರೀ ಕೊಳವೆ ಇಟ್ಟುಕೊಂಡು ಕಿವಿಗೆ ಹಾಕಿದೆ. ಆದರೆ ಎಂಜಿನ್ ಓಡುತ್ತಿರಬೇಕು, ಓಡಬೇಕಾದರೆ ಯಾರಾದರೂ ಆಕ್ಸಿಲರೇಟರ್ ಒತ್ತಿ ಹಿಡಿದಿರಬೇಕು.

ಅಷ್ಟರಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೈಕಿನಲ್ಲಿ ಬಂದ. ತೋಟದ ಹಾಜರಿ ಪುಸ್ತಕ ಬಗಲಲ್ಲಿತ್ತು. ನನ್ನ ಕಿವಿಯಲ್ಲಿದ್ದದ್ದನ್ನು ನೋಡಿ ಬೈಕ್ ನಿಲ್ಲಿಸಿದ.

"ಏನ್ ಮೇಡಂ, ಗಾಡಿಗೆ ಬಿಪಿ ನೋಡ್ತಿದೀರಾ?"

"ಹೌದು. ಒಳಗೆ ಕೂತು ಸ್ವಲ್ಪ ಆಕ್ಸಿಲರೇಟರ್ ಒತ್ತಿ ಹಿಡ್ಕೊಳ್ತೀರಾ?"

ಪಾಪ, ನಗುತ್ತಲೇ ಕೂತ. ಕೊಳವೆಯ ತುದಿಯನ್ನು ಕಾರ್ಬುರೇಟರಿನ ಬುಡದಿಂದ ಶುರು ಮಾಡಿ ನಿಧಾನಕ್ಕೆ ಸರಿಸುತ್ತಾ ಬಂದೆ. ಎಲ್ಲೆಡೆ ಎಂಜಿನ್ ಸದ್ದು. ಆ ದಪ್ಪ ಪೈಪು ಎಂಜಿನ್ನಿಗೆ ಸೇರುವ ಜಾಗಕ್ಕೆ, ಕೆಳಗೆ, ಕಣ್ಣಿಗೆ ಕಾಣದ ಮಗ್ಗುಲಿಗೆ ಬಂದಾಗ ಕಿವಿಯೊಳಗೆ ಸುಯ್ ಎಂದು ಶಿಳ್ಳೆ ಹೊಡೆದಂತಾಯಿತು. ಅಸ್ತಮಾ ರೋಗಿಯ ಎದೆಯ ಶಬ್ದವೇ. ಬೆರಳಿಂದ ಆ ಜಾಗ ಒತ್ತಿ ಹಿಡಿದೆ. ನಡುಕ ನಿಂತಿತು. ಕೈ ತೆಗೆದೆ, ನಡುಗಿತು. ಮತ್ತೆ ಒತ್ತಿದೆ, ನಿಂತಿತು.

ಎಂಜಿನ್ ಆಫ್ ಮಾಡಿಸಿ ಪೈಪು ಎಳೆದು ನೋಡಿದರೆ ತುದಿಯಲ್ಲಿ ಬಿರುಕು, ಒಂದು ಅಂಗುಲವೂ ಇಲ್ಲ. ಚೀಲದಲ್ಲಿದ್ದ ಬ್ಯಾಂಡೇಜ್ ಕತ್ತರಿಯಿಂದ ಅಷ್ಟು ತುಂಡು ಕತ್ತರಿಸಿ ಬಿಸಾಕಿ, ಉಳಿದದ್ದನ್ನು ಮತ್ತೆ ಸಿಕ್ಕಿಸಿ ಕ್ಲಿಪ್ ಬಿಗಿದೆ. ಏರಿಸಿಟ್ಟಿದ್ದ ಐಡ್ಲಿಂಗ್ ಸ್ಕ್ರೂ ಇಳಿಸಿದೆ. ಕಾರು ಸ್ಟಾರ್ಟ್ ಮಾಡಿದಾಗ ಓಡುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ಮೆತ್ತಗೆ ನಿಂತಿತು. ರೈಟರ್, "ಅಯ್ಯೋ ಮಾರಾಯ್ರೇ, ಐದು ನಿಮಿಷದ ಕೆಲಸ!" ಎಂದ. ಖುಷಿ ಆಗಲಿಲ್ಲ. ಒಂದೂವರೆ ದಿನ ಹೋಗಿತ್ತು.

ಹಾನುಬಾಳಿನಲ್ಲಿ ರತ್ನ ನಿನ್ನೆಯ ಸೀರೆಯಲ್ಲೇ ಇದ್ದಳು. ಕಣ್ಣು ಊದಿಕೊಂಡಿತ್ತು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ಕಾರು ಹತ್ತಿ, "ನಿನ್ನೆ ಇಡೀ ದಿನ ಅತ್ತೆ ಅಕ್ಕ" ಎಂದಳು. "ಬಾಗ್ಲಲ್ ಕೂತ್ಕಂಡು ಎಲ್ಲಾ ನೆನೆಸ್ಕಂಡೆ. ಸಣ್ಣೋಳಿದ್ದಾಗ ಹೊಳೆ ದಾಟ್ಸಕ್ಕೆ ಹೆಗಲ್ ಮ್ಯಾಲೆ ಕೂರುಸ್ಕಂಡ್ ಹೋಗೋನು. ಅವ್ವನ್ ಸುದ್ದಿ ಹೇಳ್ದೇ ಇದ್ದಿದ್ದು... ಹೋಗ್ಲಿ ಬುಡು ಅಂತ ಮನ್ಸಿಂದ ತೆಗ್ದಾಕ್ಬುಟ್ಟೆ. ಸಾಯೋನ ಮ್ಯಾಲೆ ಏನ್ ಸಿಟ್ಟು." ಬಾಳ್ಳುಪೇಟೆ ಬರುವವರೆಗೂ ಅಣ್ಣನ ಬಗ್ಗೆಯೇ ಮಾತು. ಹನ್ನೊಂದು ವರ್ಷದಲ್ಲಿ ಅವಳು ಅವನ ಬಗ್ಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬಾಳ್ಳುಪೇಟೆಯಿಂದ ಹೆದ್ದಾರಿ ಬಿಟ್ಟು ಮಗ್ಗೆ ಕಡೆಗೆ ತಿರುಗಿದೆವು. ಇತ್ತ ಗುಡ್ಡಗಳು ತಗ್ಗುತ್ತವೆ. ಕಾಫಿಯ ನಡುನಡುವೆ ಕೊಯ್ದ ಗದ್ದೆ, ಶುಂಠಿ ಕಿತ್ತ ಹೊಲ. ಧೂಳು ಬಹಳ. ಒಂದೂವರೆಗೆ ಅವಳ ಹಳ್ಳಿ ತಲುಪಿದೆವು. ಮನೆಯ ಮುಂದೆ ಕಾರು ನಿಲ್ಲಿಸಿದೆ. ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬರು ಕೂತು ಕಿತ್ತಳೆ ಸುಲಿಯುತ್ತಿದ್ದರು. ಬಿಳಿ ಶರಟು, ಶೇವ್ ಮಾಡಿದ ಮುಖ. ರತ್ನ ಕಾರಿನ ಬಾಗಿಲು ತೆಗೆದವಳು ಹಾಗೇ ನಿಂತಳು.

ಅದು ಪುಟ್ಟಸ್ವಾಮಿ.

"ಬಾರವ್ವ" ಎಂದ. "ನಿನ್ನೆ ಬತ್ತೀಯ ಅಂತ ಪತ್ರ ಬರ್ಯೋರ್ನ ಕರ್ಸಿದ್ದೆ. ಸಂಜೆಗಂಟ ಕೂತಿದ್ದು ಹೋದ್ರು. ಆಫೀಸಲ್ಲಿ ತಗಂಡಿದ್ದ ಟೈಮೂ ಹೋಯ್ತು. ಪುಣ್ಯಕ್ಕೆ ಇವತ್ತು ನಾಲ್ಕು ಗಂಟೆಗೆ ಇನ್ನೊಂದು ಸಿಕ್ಕೈತೆ."

ರತ್ನ ಮೆಟ್ಟಿಲ ಮೇಲೆ ಕೂತಳು. "ನಿಂಗೆ ಉಷಾರಿಲ್ಲ ಅಂದ್ರು" ಎಂದಳು.

"ಸಕ್ಕರೆ ಕಾಯ್ಲೆ ಕಣವ್ವ. ಹೋದ ತಿಂಗ್ಳು ಬಿದ್ಬುಟ್ಟಿದ್ದೆ. ಹತ್ ದಿನ ಮಲ್ಗಿದ್ದೆ, ಈಗ ವಾಸಿ."

ಅವನ ಹೆಂಡತಿ ಜಯಮ್ಮ ಕಾಫಿ ತಂದಳು. ಲೋಟ ಕೊಡುವಾಗ ನನಗೆ ಮಾತ್ರ ಕೇಳುವ ಹಾಗೆ, "ಹಂಗೆ ಹೇಳ್ದಿದ್ರೆ ಬತ್ತಿರ್ಲಿಲ್ಲ ಅಲ್ವಾ" ಎಂದಳು. ಅವಳ ಕಣ್ಣು ನೆಲ ನೋಡುತ್ತಿತ್ತು.

ವಿಷಯ ಇಷ್ಟು. ಅಪ್ಪನ ಜಮೀನಿನಲ್ಲಿ ತಂಗಿಗೂ ಪಾಲುಂಟು. ಗದ್ದೆಯ ಒಂದು ಭಾಗ ಕೊಳ್ಳಲು ಯಾರೋ ಬಂದಿದ್ದಾರೆ, ಅವರು ತಂಗಿಯ ಸಹಿ ಇಲ್ಲದೆ ಮುಟ್ಟುವುದಿಲ್ಲ. ತನಗೆ ಯಾವ ಹಕ್ಕೂ ಬೇಡ ಎಂದು ರತ್ನ ಬರೆದುಕೊಡುವ ಖುಲಾಸೆ ಪತ್ರ ತಯಾರಾಗಿದೆ. ಆಲೂರಿನ ಉಪನೋಂದಣಿ ಕಚೇರಿಗೆ ಹೋಗಿ ಸಹಿ ಹಾಕುವುದೊಂದೇ ಬಾಕಿ.

"ಕಾರು ಹೆಂಗೂ ಐತಲ್ಲ. ನಾವೆಲ್ಲ ಒಟ್ಟಿಗೇ ಹೋಗ್ಬುಡಾನ" ಎಂದು ಪುಟ್ಟಸ್ವಾಮಿ ಕಿತ್ತಳೆಯ ಒಂದು ತೊಳೆ ಬಾಯಿಗಿಟ್ಟ.

ನನಗೆ ತಡೆಯಲಾಗಲಿಲ್ಲ. "ಕಾರು ಆಲೂರಿಗೆ ಹೋಗಲ್ಲ" ಎಂದುಬಿಟ್ಟೆ. "ಐಡ್ಲಿಂಗ್ ಕೆಟ್ಟಿದೆ. ನಿಂತ ಕಡೆ ಆಫ್ ಆಗ್ತಿದೆ. ನಿನ್ನೆಯಿಂದ ಅದಕ್ಕೇ ತಡ ಆಗಿದ್ದು. ಇಲ್ಲಿಂದ ಸೀದಾ ಹಾನುಬಾಳಿಗೆ ಹೋದರೆ ಸಾಕಾಗಿದೆ."

ಪುಟ್ಟಸ್ವಾಮಿ ಕಾರಿನ ಕಡೆ ನೋಡಿದ. ರತ್ನ ನನ್ನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಸೆರಗು ಕೊಡವಿಕೊಂಡಳು.

"ಅಕ್ಕ ಸುಳ್ಳು ಹೇಳ್ತಾವ್ರೆ. ಕಾರು ಸರಿಯಾಗೈತೆ. ನಡಿ ಹೋಗಾನ."

ಹಾಗೆ ಆಲೂರಿಗೆ ಹೋದೆವು. ಪುಟ್ಟಸ್ವಾಮಿ ಮುಂದಿನ ಸೀಟಿನಲ್ಲಿ, ರತ್ನ ಹಿಂದೆ, ಅವಳ ಪಕ್ಕ ಸಾಕ್ಷಿಗೆಂದು ಅವನು ಕರೆದ ನೆರೆಯವನೊಬ್ಬ. ರೈಲ್ವೆ ಗೇಟ್ ಹಾಕಿತ್ತು. ಹತ್ತು ನಿಮಿಷ ನಿಂತೆವು, ಎಂಜಿನ್ ಆಫ್ ಮಾಡದೆ. ನಡುಕ ಇಲ್ಲ, ಸದ್ದಿಲ್ಲ. ಇದೊಂದು ಸಲ ಕೆಟ್ಟು ನಿಲ್ಲಬಾರದೇ ಎಂದು ನಾನು ಬೇಡಿಕೊಳ್ಳುತ್ತಿದ್ದೆ. "ಗಾಡಿ ಚೆನ್ನಾಗಿ ಮಡಿಕ್ಕಂಡಿದೀರಿ ಕಣಮ್ಮ" ಎಂದ ಪುಟ್ಟಸ್ವಾಮಿ. ಗೂಡ್ಸ್ ರೈಲು ಹೋಯಿತು, ಗೇಟು ಎದ್ದಿತು, ಕಾರು ಹೂವಿನ ಹಾಗೆ ಮುಂದೆ ಸರಿಯಿತು.

ಕಚೇರಿಯಲ್ಲಿ ಜನ ಕಡಿಮೆ ಇದ್ದರು. ಫೋಟೋ ತೆಗೆದರು, ಹೆಬ್ಬೆಟ್ಟು ತೆಗೆದುಕೊಂಡರು. ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, "ನಿಮ್ಮ ಇಷ್ಟದಿಂದಲೇ ಬರೆದುಕೊಡ್ತಿದೀರೇನಮ್ಮ? ಯಾರ ಒತ್ತಾಯವೂ ಇಲ್ವಲ್ಲ?" ಎಂದು ಕೇಳಿದರು. ಚೆನ್ನಾಗಿಯೇ ಕೇಳಿದರು, ಎರಡು ಸಲ. "ಇಲ್ಲ ಸ್ವಾಮಿ" ಎಂದಳು ರತ್ನ. ಎರಡನೇ ಸಾಕ್ಷಿ ಬರಬೇಕಾಗಿದ್ದವನು ಬಂದಿರಲಿಲ್ಲ. ಪುಟ್ಟಸ್ವಾಮಿ ನನ್ನ ಕಡೆ ತಿರುಗಿದ. ನಾನು ಆಗುವುದಿಲ್ಲ ಎಂದೆ.

"ಹಾಕಿ ಅಕ್ಕ" ಎಂದಳು ರತ್ನ. "ನೀವ್ ಹಾಕ್ದಿದ್ರೆ ನಾಳೆ ಇನ್ನೊಂದ್ ಸಲ ಇವನ ಮಕ ನೋಡ್ಬೇಕಾಯ್ತದೆ."

ಹಾಕಿದೆ. ಮೂವತ್ತೈದು ವರ್ಷ ಹಾಜರಿಯಲ್ಲಿ ಹಾಕಿದ ಅದೇ ಸಹಿ.

ಹೊರಗೆ ಬಂದ ಮೇಲೆ ಪುಟ್ಟಸ್ವಾಮಿ ತಂಗಿಯ ತಲೆ ಮುಟ್ಟಲು ಕೈ ಚಾಚಿದ. ಅವಳು ಹಿಂದೆ ಸರಿದಳು. "ನೀನು ಸತ್ರೆ ನಂಗೆ ಹೇಳಿ ಕಳಿಸ್ಬ್ಯಾಡ" ಎಂದಳು. "ನಾನು ನಿನ್ನೆನೇ ಅತ್ಬುಟ್ಟಿದೀನಿ." ಅವನು ಕೈ ಹಿಂದೆಗೆದು, ಸಾಕ್ಷಿಗೆ ಬಂದಿದ್ದ ನೆರೆಯವನಿಗೆ ಬಸ್ಸಿನಲ್ಲಿ ಬರಲು ಹೇಳಿದ. ಅವನ ಮಗ ಬೈಕ್ ತಂದಿದ್ದ, ಅದರ ಹಿಂದೆ ಹತ್ತಿ ಹೋದ. ಆ ಗಳಿಗೆಯಲ್ಲಿ ಅವನು ನಿಜಕ್ಕೂ ಕಾಯಿಲೆಯ ಮನುಷ್ಯನ ಹಾಗೆ ಕಂಡ.

ಕಾರು ಹೆದ್ದಾರಿಗೆ ಬಂದ ಮೇಲೆ ನಾನು, "ಯಾಕೆ ಹಾಕಿದೆ ರತ್ನ?" ಎಂದೆ.

ಮೂವತ್ತು ವರ್ಷದಲ್ಲಿ ಅವಳು ನನಗೆ ಏಕವಚನ ಬಳಸಿದ್ದು ಅದೊಂದೇ ಸಲ. "ನೀನ್ಯಾಕೆ ಸುಳ್ಳು ಹೇಳ್ದೆ? ಬ್ಯಾಡ ಅನ್ನಕ್ಕೆ ನಂಗೆ ಬಾಯಿಲ್ವಾ? ಹಾಕದೂ ಬುಡದೂ ನನ್ ಇಷ್ಟ ಅಲ್ವಾ? ಅವ್ನು ನಂಗೆ ಕೇಳ್ದೆ ಪತ್ರ ಬರಿಸ್ದ. ನೀನು ನಂಗೆ ಕೇಳ್ದೆ ತಡೆಯಕ್ಕೆ ಬಂದೆ. ಇಬ್ರೂ ಒಂದೇಯ."

ಎರಡು ದಿನದಿಂದ ಗ್ಯಾರೇಜಿನವರ ಮೇಲೆ ನನಗಿದ್ದ ಸಿಟ್ಟು ಇದೇ ತಾನೆ: ನನ್ನ ಕಾರಿನ ವಿಷಯ ನನ್ನನ್ನು ಕೇಳದೆ ತೀರ್ಮಾನ ಮಾಡಿದರು ಅಂತ. "ಅದು ನಿಮಗೆ ಗೊತ್ತಾಗಲ್ಲ ಮೇಡಂ" ಎಂಬ ಮಾತನ್ನು ನಾನು ಬಾಯಿ ಬಿಟ್ಟು ಹೇಳದೆಯೇ ರತ್ನಳಿಗೆ ಹೇಳಿದ್ದೆ.

ಸುಮಾರು ದೂರ ಹೋದ ಮೇಲೆ ಅವಳೇ ಮಾತಾಡಿದಳು. ಸಿಟ್ಟು ಇಳಿದಿತ್ತು, ದನಿ ಬತ್ತಿತ್ತು. "ಆ ಜಮೀನು ನಂಗೆ ಬ್ಯಾಡ ಅಕ್ಕ. ಫೋನ್ ಬಂದಾಗೆಲ್ಲ ಅವ್ವನ್ ಮನೆ ಫೋನಾ ಅಂತ ಎದೆ ಹೊಡ್ಕಳದು ಬ್ಯಾಡ. ನೀವು ನಿನ್ನೆ ಬಂದಿದ್ರೂ ಸಹಿ ಹಾಕ್ತಿದ್ದೆ. ಆದ್ರೆ ಸಿಟ್ಟಲ್ಲೇ ಹಾಕ್ತಿದ್ದೆ, ನಿರುಮ್ಮಳವಾಗಿರ್ತಿತ್ತು. ನಿನ್ನೆ ನೀವ್ ಬರ್ಲಿಲ್ಲ. ಇಡೀ ದಿನ ಕೂತು ಅವನ್ನ ಕ್ಷಮಿಸ್ಬುಟ್ಟೆ. ಆ ಸಿಟ್ಟು ವಾಪಸ್ ಬರ್ತಾ ಇಲ್ಲ. ಈಗ ಅದೂ ಇಲ್ಲ, ಅಣ್ಣನೂ ಇಲ್ಲ."

ಸಂಜೆ ಆರಕ್ಕೆ ಹಾನುಬಾಳು ಮುಟ್ಟಿದೆವು. ಅಂಗಡಿಗಳ ಮುಂದೆ ಕೆಲಸ ಮುಗಿಸಿದ ಆಳುಗಳು ತುಂಬಿದ್ದರು, ಜೀಪುಗಳು ಅವರನ್ನು ಕರೆಯುತ್ತಿದ್ದವು. ಅವಳ ಮನೆಯ ಮುಂದೆ ಕಾರು ನಿಲ್ಲಿಸಿ, "ಬಿಪಿ ನೋಡ್ತೀನಿ, ಒಳಗೆ ಬರ್ಲಾ?" ಎಂದೆ.

"ಇವತ್ತು ಬ್ಯಾಡ. ಕತ್ತಲಾಯ್ತದೆ, ಹೊರಡಿ" ಎಂದಳು. ಇಳಿದು ಬಾಗಿಲ ಬೀಗ ತೆಗೆದಳು. ಒಳಗೆ ಹೋಗಿ ಲೈಟ್ ಹಾಕಿದಳು. ನಾನು ಎಂಜಿನ್ ಓಡುತ್ತಿರುವಂತೆಯೇ ಸ್ವಲ್ಪ ಹೊತ್ತು ಕಾದೆ, ಏನಾದರೂ ನೆನಪಾಗಿ ಹೊರಗೆ ಬರುತ್ತಾಳೇನೋ ಎಂದು. ಬಾಗಿಲು ಹಾಕಿದ ಸದ್ದಾಯಿತು. ತಿರುವಿನವರೆಗೂ ಕನ್ನಡಿಯಲ್ಲಿ ಆ ಕಿಟಕಿಯ ಬೆಳಕು ಕಾಣುತ್ತಿತ್ತು, ಆಮೇಲೆ ಬರೀ ಸಿಲ್ವರ್ ಓಕ್ ಮರಗಳು.

ಹಾಸನಕ್ಕೆ ಇನ್ನು ಐವತ್ತೈದು ಕಿಲೋಮೀಟರ್. ಕಾರು ಬಹಳ ಚೆನ್ನಾಗಿ ಓಡುತ್ತಿತ್ತು. ದಾರಿಯಲ್ಲಿ ಎಲ್ಲೂ ನಿಲ್ಲಲು ನನಗೊಂದು ಕಾರಣವೂ ಇರಲಿಲ್ಲ.